ಆರಿಂಚು ಎತ್ತರದ ಪುಟ

ನೂರು ಡಾಲರಿನ ಲ್ಯಾಪ್‌ಟಾಪ್ ಎಂದೇ ಹೆಸರಾಗಿದ್ದ ಆ ಹಸಿರು-ಬಿಳಿ ಯಂತ್ರದ ವಿಷಯ ಬಂದಾಗೆಲ್ಲ ಜನ ಮಾತಾಡುತ್ತಿದ್ದದ್ದು ಅದರ ಬೆಲೆಯ ಬಗ್ಗೆ. ಎಂಐಟಿಯ ನಿಕೊಲಸ್ ನೆಗ್ರೊಪಾಂಟೆ 2005ರಲ್ಲಿ ಹೇಳಿದ್ದು ನೂರು ಡಾಲರ್. 2007ರ ಕೊನೆಗೆ ತಯಾರಾಗಿ ಹೊರಬಂದಾಗ ಅದಕ್ಕೆ ತಗಲಿದ ಖರ್ಚು ಹತ್ತಿರ ಹತ್ತಿರ ಅದರ ಎರಡರಷ್ಟು. ಅಗ್ಗವೋ ದುಬಾರಿಯೋ, ಬಡದೇಶದ ಶಾಲೆಗಳಿಗೆ ಬೇಕೋ ಬೇಡವೋ ಎಂದು ಪತ್ರಿಕೆಗಳಲ್ಲಿ ವರ್ಷಗಟ್ಟಲೆ ಚರ್ಚೆ ನಡೆಯಿತು. ಎಕ್ಸ್‌ಒ ಎಂಬ ಆ ಯಂತ್ರ ಮೊದಲ ಸಲ ನನ್ನ ಕೈಗೆ ಬಂದಾಗ ನನ್ನ ಕಣ್ಣು ನೆಟ್ಟದ್ದು ಅದರ ಪರದೆಯ ಮೇಲೆ.

ನಾನು ಬೆಂಗಳೂರಿನಲ್ಲಿ ಕನ್ನಡ ಪುಸ್ತಕಗಳಿಗೆ ಪುಟ ಕಟ್ಟುವ ಡಿಟಿಪಿ ಕೆಲಸದವನು. ‘ಸ್ವಾತಂತ್ರ್ಯ’ದ ರ ಒತ್ತಿನ ಕೆಳಗೆ ಯ ಒತ್ತು ಬಿದ್ದಿದೆಯೋ ಇಲ್ಲವೋ, ‘ಲಕ್ಷ್ಮಿ’ಯ ಮ ಒತ್ತು ಮುಂದಿನ ಸಾಲಿನ ತಲೆಕಟ್ಟಿಗೆ ತಾಗುತ್ತಿದೆಯೋ ಎಂದು ದಿನಕ್ಕೆ ನೂರು ಸಲ ಪುಟ ಹಿಗ್ಗಿಸಿ ನೋಡಬೇಕಾದ ಕೆಲಸ ಅದು. ಆಗಿನ ಮಾನಿಟರುಗಳಲ್ಲಿ ಇಂಚಿಗೆ ನೂರರಷ್ಟು ಚುಕ್ಕಿಯೂ ಇರುತ್ತಿರಲಿಲ್ಲ. ಇಂಗ್ಲಿಷಿನ ಅಕ್ಷರಗಳು ಒಂದು ಗೆರೆಯ ಮೇಲೆ ಸಾಲಾಗಿ ನಿಲ್ಲುವುದರಿಂದ ಅಷ್ಟರಲ್ಲೇ ಸಂಭಾಳಿಸಿಕೊಳ್ಳುತ್ತವೆ. ಕನ್ನಡ ಕೆಳಮುಖವಾಗಿಯೂ ಬೆಳೆಯುತ್ತದೆ, ಆ ಬೆಳವಣಿಗೆಗೆ ಚುಕ್ಕಿ ಸಾಲದೆ ಒತ್ತುಗಳೆಲ್ಲ ಮಸಿಯ ಗುಡ್ಡೆಯಾಗುತ್ತಿದ್ದವು. ಎಕ್ಸ್‌ಒಗೆ ಮೇರಿ ಲೂ ಜೆಪ್ಸೆನ್ ರೂಪಿಸಿದ್ದ ಪರದೆ ಏಳೂವರೆ ಇಂಚಿನದು, 1200 ಚುಕ್ಕಿ ಅಗಲ, 900 ಚುಕ್ಕಿ ಎತ್ತರ. ಹಿಂಬದಿಯ ದೀಪ ಆರಿಸಿ ಬಿಸಿಲಿಗೆ ಹಿಡಿದರೆ ಬಣ್ಣ ಮಾಯವಾಗಿ, ಇಂಚಿಗೆ 200 ಚುಕ್ಕಿಯ ಕಪ್ಪು-ಬಿಳುಪು ಪುಟ ಮೂಡುತ್ತಿತ್ತು. ಬಿಸಿಲು ಹೆಚ್ಚಾದಷ್ಟೂ ಅಕ್ಷರ ಸ್ಪಷ್ಟ. ಪರದೆಯನ್ನು ಕತ್ತಿನ ಮೇಲೆ ತಿರುಗಿಸಿ ಕೀಲಿಮಣೆಯ ಮೇಲೆ ಮಡಿಸಿದರೆ ಕೈಯಲ್ಲಿ ಹಿಡಿದು ಓದುವ ಪುಸ್ತಕವಾಗುತ್ತಿತ್ತು. ನಾನು ಅದರಲ್ಲಿ ಮೊದಲು ತೆರೆದದ್ದು ನಾನೇ ಕಟ್ಟಿದ್ದ ಒಂದು ಪುಸ್ತಕದ ಪಿಡಿಎಫ್. ಮಹಡಿಯ ಮೇಲೆ, ಮಧ್ಯಾಹ್ನದ ಬಿಸಿಲಿನಲ್ಲಿ, ಹಿಗ್ಗಿಸದೆ ಕುಗ್ಗಿಸದೆ, ಮೂರು ಅಂತಸ್ತಿನ ಒತ್ತಕ್ಷರಗಳನ್ನು ಒಂದೊಂದಾಗಿ ಓದಿದೆ. ಅದೇ ಹೊತ್ತಿಗೆ, ಇದು ಅಕ್ಕನ ಶಾಲೆಗೆ ಹೋಗಬೇಕು ಅನ್ನಿಸಿತು.

ಯಂತ್ರ ಬಂದದ್ದು ನ್ಯೂಜೆರ್ಸಿಯಲ್ಲಿರುವ ಚಿಕ್ಕಪ್ಪನ ಮಗನಿಂದ. 2007ರ ನವೆಂಬರಿನಲ್ಲಿ ಅಮೆರಿಕದಲ್ಲಿ ಒಂದು ಯೋಜನೆ ತೆರೆದಿದ್ದರು: 399 ಡಾಲರ್ ಕೊಟ್ಟರೆ ಒಂದು ಯಂತ್ರ ಬಡದೇಶದ ಮಗುವಿಗೆ, ಇನ್ನೊಂದು ಕೊಟ್ಟವರ ಮನೆಗೆ. ಅವನ ಮಗಳಿಗೆ ಅದರ ಮೇಲಿನ ಆಸೆ ಕೆಲವೇ ವಾರಗಳಲ್ಲಿ ಇಳಿಯಿತು. ಬೇಸಿಗೆಗೆ ಊರಿಗೆ ಬಂದವನು ನನ್ನ ಬಳಿ ಬಿಟ್ಟುಹೋದ. ಆಮೇಲೆ ಅಲ್ಲಿನ ಕನ್ನಡ ಕೂಟದ ಗೆಳೆಯರನ್ನೂ ಕೇಳಿದ. ಹಾಗೆ ಬೇರೆ ಬೇರೆಯವರ ಸೂಟ್‌ಕೇಸಿನಲ್ಲಿ ಸೀರೆ, ಔಷಧಿ, ಚಾಕಲೇಟುಗಳ ನಡುವೆ ಕುಳಿತು ಏಳೆಂಟು ಯಂತ್ರಗಳು ಬಂದವು. ಸರ್ಕಾರದ ಕಡೆಯಿಂದ ಬರುವ ಮಾತಿರಲಿಲ್ಲ. ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯ 2006ರಲ್ಲೇ ಈ ಲ್ಯಾಪ್‌ಟಾಪ್ ಬೇಡವೆಂದಿತ್ತು. ನಮಗೆ ತುರ್ತಾಗಿ ಬೇಕಾದದ್ದು ತರಗತಿಯ ಕೋಣೆ ಮತ್ತು ಶಿಕ್ಷಕರು ಎಂಬುದು ಅವರ ವಾದ. ಆ ವಾದದಲ್ಲಿ ಹುರುಳಿತ್ತು ಎಂದೇ ಇವತ್ತಿಗೂ ನನಗನ್ನಿಸುತ್ತದೆ. ಆದರೂ 2007ರಲ್ಲಿ ಮಹಾರಾಷ್ಟ್ರದ ಕರ್ಜತ್ ಕಡೆಯ ಖೈರಾಟ್ ಎಂಬ ಪುಟ್ಟ ಊರಿನ ಒಂದೇ ಕೋಣೆಯ ಶಾಲೆಯಲ್ಲಿ ಈ ಯಂತ್ರಗಳ ಪ್ರಯೋಗ ಶುರುವಾಗಿತ್ತು, ಅದರ ಫೋಟೋಗಳನ್ನು ನೋಡಿದ್ದೆ.

ಅಕ್ಕ ಶಿರಸಿ ಸೀಮೆಯ ಒಳಹಳ್ಳಿಯೊಂದರ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿದ್ದಳು. ನಮ್ಮ ಕಡೆ ಗಂಡಸರಾದರೆ ಮಾಸ್ತರು, ಹೆಂಗಸರಾದರೆ ಅಕ್ಕೋರು. ನನಗೊಬ್ಬನಿಗೆ ಅವಳು ಅಕ್ಕ, ಊರಿಗೆಲ್ಲ ಅಕ್ಕೋರು. ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿ ಅವಳು ಕೇಳಿದ್ದು ಒಂದೇ ಪ್ರಶ್ನೆ: “ಇದೆಲ್ಲ ಸರಿ ತಮ್ಮಾ, ಇದರೊಳಗೆ ನಮ್ಮ ಮಕ್ಕಳು ಓದಲಿಕ್ಕೆ ಎಂತ ಇದೆ?”

ಏನೂ ಇರಲಿಲ್ಲ. ಚಿತ್ರ ಬರೆಯುವುದು, ಲೆಕ್ಕ, ಸಂಗೀತ, ಕ್ಯಾಮೆರಾ ಇದ್ದವು. ಓದಲು ಇದ್ದದ್ದು ಇಂಗ್ಲಿಷಿನಲ್ಲಿ. ಉಳಿದದ್ದೆಲ್ಲ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ ಎಂಬ ನಂಬಿಕೆಯ ಮೇಲೆ ಕಟ್ಟಿದ ಯಂತ್ರ ಅದು. ಅಕ್ಕನ ಶಾಲೆಗೆ ಮಳೆಗಾಲದಲ್ಲಿ ಬಸ್ಸೇ ಬರುತ್ತಿರಲಿಲ್ಲ.

ಶಾಲೆಯಲ್ಲಿ ಪುಸ್ತಕವೇ ಇರಲಿಲ್ಲ ಎಂದರೆ ತಪ್ಪಾಗುತ್ತದೆ. ಇಲಾಖೆಯಿಂದ ಬಂದ ಪುಸ್ತಕಗಳು ಬೀರುವಿನಲ್ಲಿದ್ದವು. ಒಂದು ಕಳೆದರೂ ಹರಿದರೂ ದಾಸ್ತಾನು ಪುಸ್ತಕಕ್ಕೆ ಶಿಕ್ಷಕರು ಉತ್ತರ ಕೊಡಬೇಕಾಗಿದ್ದರಿಂದ ಹೆಚ್ಚಿನ ಶಾಲೆಗಳಲ್ಲಿ ಬೀರುವಿಗೆ ಬೀಗ ಬೀಳುತ್ತಿತ್ತು. ಅಕ್ಕ ಬೀಗ ತೆಗೆದಿಟ್ಟವಳು. ಕಳೆದ ಪುಸ್ತಕಗಳಿಗೆ ಕೈಯಿಂದ ಹಣ ಹಾಕಿ ಹೊಸದು ತಂದಿಡುತ್ತಿದ್ದಳು. ನಲಿ-ಕಲಿ ಕಾರ್ಡುಗಳನ್ನು ದಾಟಿ, ಅಕ್ಷರ ಕೂಡಿಸಿ ಓದಲು ಬಂದ ಮಗುವಿಗೆ ಮುಂದೆ ಓದಲು ಬೇಕಾಗುವ ತೆಳು ಪುಸ್ತಕಗಳೇ ಕಡಿಮೆ ಎಂಬುದು ಅವಳ ಕೊರಗು. ಹರಿಯದ, ಎಷ್ಟು ಪ್ರತಿ ಬೇಕಾದರೂ ಮಾಡಬಹುದಾದ ಪುಸ್ತಕ ಎಂದಾಗ ಅವಳ ಮುಖ ಅರಳಿದ್ದು ಅದಕ್ಕೇ.

ಮೊದಲು ನೋಡಿದ್ದು ಭಾರತದ ಡಿಜಿಟಲ್ ಲೈಬ್ರರಿಯನ್ನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಟ್ಟಿದ್ದ ಆ ಭಂಡಾರದಲ್ಲಿ ಕನ್ನಡದ್ದೂ ಧಾರಾಳವಾಗಿತ್ತು. ಆದರೆ ಅವೆಲ್ಲ ಪುಟಗಳ ಫೋಟೋ. ಒಂದು ಪುಸ್ತಕವೆಂದರೆ ಹತ್ತಾರು ಎಂಬಿ. ಎಕ್ಸ್‌ಒದಲ್ಲಿ ಇದ್ದದ್ದು 433 ಮೆಗಾಹರ್ಟ್ಸಿನ ಪ್ರೊಸೆಸರ್, 256 ಎಂಬಿ ರ್‍ಯಾಮ್. ಒಂದು ಪುಟ ತಿರುಗಿಸಿದರೆ ಮುಂದಿನದು ಬರುವಷ್ಟರಲ್ಲಿ ಮಗು ಎದ್ದು ಆಟಕ್ಕೆ ಹೋಗುತ್ತಿತ್ತು. ಹಾರ್ಡ್ ಡಿಸ್ಕ್ ಇಲ್ಲ, ಇರುವ ಒಂದು ಜಿಬಿ ಫ್ಲ್ಯಾಶ್ ಮೆಮೊರಿಯಲ್ಲಿ ಯಂತ್ರದ ಸ್ವಂತ ಸಾಮಾನಿಗೇ ದೊಡ್ಡ ಪಾಲು ಹೋಗುತ್ತಿತ್ತು. ಡೆಮಿ ಅಷ್ಟಪತ್ರದ ಪುಟವನ್ನು ಆ ಪುಟ್ಟ ಪರದೆಗೆ ಕುಗ್ಗಿಸಿದರೆ ಅಕ್ಷರ ಸಣ್ಣದು, ಹಿಗ್ಗಿಸಿದರೆ ಸಾಲಿನ ಅರ್ಧ ಹೊರಗೆ. ಎಡದಿಂದ ಬಲಕ್ಕೆ ಪುಟವನ್ನು ಎಳೆದಾಡುತ್ತ ಮೂರನೇ ತರಗತಿಯ ಹುಡುಗಿ ಕಥೆ ಓದುವುದು ಹೇಗೆ?

ಆಗ ನನಗೆ ನನ್ನ ಕಸುಬು ನೆನಪಾಯಿತು. ಪರದೆಯನ್ನು ನಿಲ್ಲಿಸಿ ಹಿಡಿದರೆ ನಾಲ್ಕೂವರೆ ಇಂಚು ಅಗಲ, ಆರಿಂಚು ಎತ್ತರ. ಪಾಕೆಟ್ ಪುಸ್ತಕದ ಅಳತೆ ಅದು. ಪುಟ ಕಟ್ಟುವ ತಂತ್ರಾಂಶವಾದ ಪೇಜ್‌ಮೇಕರಿನಲ್ಲಿ ಪುಟದ ಅಳತೆಯನ್ನೇ ಹಾಗೆ ಇಟ್ಟು ಪುಸ್ತಕವನ್ನು ಮತ್ತೆ ಕಟ್ಟಿದರೆ ಹಿಗ್ಗಿಸುವುದೂ ಬೇಡ, ಎಳೆಯುವುದೂ ಬೇಡ. ಒಂದು ಪುಟಕ್ಕೆ ಒಂದು ಪರದೆ. ಇನ್ನೊಂದು ಅನುಕೂಲವೂ ಇತ್ತು. ನಾವು ಡಿಟಿಪಿಯವರು ಆಗ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಕೆಲಸ ಮಾಡುತ್ತಿದ್ದೆವು. ಅವುಗಳಲ್ಲಿ ಕನ್ನಡ ಅಕ್ಷರ ಎಂಬುದು ಕಂಪ್ಯೂಟರಿನ ಲೆಕ್ಕಕ್ಕೆ ಇಂಗ್ಲಿಷ್ ಅಕ್ಷರಗಳ ಮೇಲೆ ತೊಡಿಸಿದ ಆಕಾರ. ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು. ಪಿಡಿಎಫ್ ಮಾಡುವಾಗ ಫಾಂಟನ್ನು ಒಳಗೇ ಸೇರಿಸಿಬಿಟ್ಟರೆ ಆ ತೊಡಕು ತಪ್ಪುತ್ತಿತ್ತು. ಹುಡುಕಲು ಬಾರದು, ನಕಲಿಸಲು ಬಾರದು, ಸರಿ; ಮಕ್ಕಳಿಗೆ ಬೇಕಾದದ್ದು ಓದಲು, ಅದು ಬರುತ್ತಿತ್ತು. ನಲವತ್ತು ಎಂಬಿಯ ಸ್ಕ್ಯಾನ್ ಪುಸ್ತಕ ಹೀಗೆ ಹೊಸದಾಗಿ ಕಟ್ಟಿದಾಗ ಮುನ್ನೂರು ಕೆಬಿಗೆ ಇಳಿಯುತ್ತಿತ್ತು.

ಅಳತೆ ಬದಲಾಯಿಸಿದರೆ ಪುಸ್ತಕ ತಾನಾಗಿ ಕೂರುವುದಿಲ್ಲ. ನಾಲ್ಕೂವರೆ ಇಂಚಿನಲ್ಲಿ ಅಂಚು ಬಿಟ್ಟು, ಹದಿನೆಂಟು ಪಾಯಿಂಟಿನ ಅಕ್ಷರ ಇಟ್ಟರೆ ಒಂದು ಸಾಲಿಗೆ ಮೂರು ಪದ, ನಾಲ್ಕು ಪದ. ಕನ್ನಡದ ಪದಗಳು ಪ್ರತ್ಯಯ ಹಚ್ಚಿಕೊಂಡು ಉದ್ದವಾಗುತ್ತವೆ. ಎರಡೂ ಅಂಚು ಸಮ ಮಾಡಲು ಹೋದರೆ ಪದಗಳ ನಡುವೆ ಹೊಂಡ ಬೀಳುತ್ತದೆ. ಎಡಗಡೆ ಮಾತ್ರ ಸಮ ಇಟ್ಟೆ. ಪದವನ್ನು ಒಡೆದು ಮುಂದಿನ ಸಾಲಿಗೆ ದಾಟಿಸುವುದನ್ನು ಪೂರ್ತಿ ಬಿಟ್ಟೆ, ಏಕೆಂದರೆ ಕೂಡಿಸಿ ಓದುವ ಮಗುವಿಗೆ ಒಡೆದ ಪದ ಎರಡು ಪದ. ಸಾಲಿನ ನಡುವೆ ಒತ್ತಿಗೆ ಜಾಗ ಬೇಕು. ಬಿಸಿಲಿನಲ್ಲಿ ಬಣ್ಣ ಕಾಣದ್ದರಿಂದ ಬಣ್ಣದ ಚಿತ್ರಗಳನ್ನು ಕಲಾವಿದ ಗೆಳೆಯನೊಬ್ಬ ಗೆರೆಚಿತ್ರಗಳಾಗಿ ಮತ್ತೆ ಬರೆದುಕೊಟ್ಟ. ಒಂದು ಕಥೆಯ ಮಧ್ಯೆ, ಹುಲಿ ಬಾಯಿ ತೆರೆಯುವ ಸಾಲು ಪುಟದ ಕೊನೆಗೆ ಬರುವಂತೆ ಅಕ್ಷರಗಳನ್ನು ಹೊಂದಿಸುತ್ತ ರಾತ್ರಿ ಕಳೆದಿದ್ದೇನೆ. ಪುಟ ತಿರುಗಿಸುವ ಗುಂಡಿಯನ್ನು ಮಗು ಯಾವ ಸಾಲಿನಲ್ಲಿ ಒತ್ತುತ್ತದೆ ಎಂಬುದು ಮುಖ್ಯ. ದೊಡ್ಡವರ ಪುಸ್ತಕ ಕಟ್ಟುವಾಗ ಇದನ್ನೆಲ್ಲ ಯಾರೂ ಕೇಳುವುದಿಲ್ಲ.

ಯಾವ ಪುಸ್ತಕ ಎಂಬುದು ಇದಕ್ಕಿಂತ ಕಷ್ಟದ ಪ್ರಶ್ನೆ. ಅಕ್ಕ ಪಟ್ಟಿ ಕೊಟ್ಟಿದ್ದಳು: ಪಂಜೆಯವರು, ರಾಜರತ್ನಂ ಅವರ ‘ತುತ್ತೂರಿ’, ಕುವೆಂಪು ಅವರ ‘ಕಿಂದರಿಜೋಗಿ’, ಕಾರಂತರ ‘ಬಾಲಪ್ರಪಂಚ’. ಭಾರತದ ಕಾನೂನಿನಲ್ಲಿ ಲೇಖಕ ತೀರಿಕೊಂಡ ಮೇಲೆ 60 ವರ್ಷದವರೆಗೆ ಹಕ್ಕು ವಾರಸುದಾರರದ್ದು. ರಾಜರತ್ನಂ ತೀರಿಕೊಂಡದ್ದು 1979, ಅಂದರೆ 2039ರ ಕೊನೆಯವರೆಗೆ. ಕುವೆಂಪು 2054, ಕಾರಂತರು 2057. ಅಕ್ಕನ ಪಟ್ಟಿಯಲ್ಲಿ ಯಾರನ್ನೂ ಕೇಳದೆ ಹಾಕಬಹುದಾಗಿದ್ದವರು 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರು ಒಬ್ಬರೇ. ಹಾಗಾಗಿ ಪಂಜೆಯವರಿಂದಲೇ ಶುರು ಮಾಡಿದೆವು. ‘ಒಡ್ಡನ ಓಟ’, ‘ಇಲಿಗಳ ಥಕಥೈ’ ಇವನ್ನೆಲ್ಲ ಹಳೆಯ ಮುದ್ರಣಗಳಿಂದ ನಮ್ಮ ಆಫೀಸಿನ ಹುಡುಗಿಯರು ಕೆಲಸ ಮುಗಿದ ಮೇಲೆ ಕೂತು ಕಂಪೋಸ್ ಮಾಡಿದರು. ಊರಿನ ನಿವೃತ್ತ ಮಾಸ್ತರೊಬ್ಬರು ಪ್ರೂಫ್ ನೋಡಿದರು. ಹಳೆಯ ಕಾಲದ ಕೆಲವು ಕ್ರಿಯಾರೂಪಗಳನ್ನು ಈಗಿನಂತೆ ತಿದ್ದೋಣವೇ ಎಂದು ನಾನು ಕೇಳಿದ್ದಕ್ಕೆ ಅವರು ಒಪ್ಪಲಿಲ್ಲ. ಮಕ್ಕಳು ಒಂದು ಸಲ ಎಡವಲಿ, ಎರಡನೇ ಸಲಕ್ಕೆ ಅದು ಅವರದ್ದೇ ಆಗುತ್ತದೆ ಎಂದರು. ಅವರು ಹೇಳಿದ್ದು ನಿಜವಾಯಿತು. ಆ ರೂಪಗಳನ್ನು ಮಕ್ಕಳು ಮಾತಿನಲ್ಲಿ ತಂದು ಖುಷಿಪಟ್ಟದ್ದನ್ನು ಅಕ್ಕ ಫೋನಿನಲ್ಲಿ ಹೇಳುತ್ತಿದ್ದಳು.

ಬದುಕಿದ್ದ ಲೇಖಕರನ್ನು ಕೇಳುವುದು ಸುಲಭವಾಗಿತ್ತು. ನಾನು ಪುಟ ಕಟ್ಟಿಕೊಟ್ಟಿದ್ದವರಲ್ಲಿ ಮಕ್ಕಳಿಗೆ ಬರೆದವರಿಗೆಲ್ಲ ಫೋನು ಮಾಡಿದೆ. ಹೆಚ್ಚಿನವರು ಮಾತು ಮುಗಿಯುವ ಮೊದಲೇ ಒಪ್ಪಿದರು. ಹಿರಿಯ ಲೇಖಕಿಯೊಬ್ಬರು, ಶಾಲೆಗೆ ಬಂದು ಮಕ್ಕಳು ಓದುವುದನ್ನು ನೋಡಬಹುದೇ ಎಂದು ಕೇಳಿದರು. ಪ್ರಕಾಶಕರು ಅಳುಕಿದರು. ಫೈಲು ಒಮ್ಮೆ ಹೊರಗೆ ಹೋದರೆ ಎಲ್ಲಿಗೆ ಹೋಗುತ್ತದೋ, ನಾಳೆ ಇನ್ಯಾರೋ ಅಚ್ಚು ಹಾಕಿ ಮಾರಿದರೆ ಎಂಬ ಭಯ. ಸಾವಿರ ಪ್ರತಿ ಅಚ್ಚು ಹಾಕಿ ಗ್ರಂಥಾಲಯದ ಸಗಟು ಖರೀದಿಯನ್ನೇ ನೆಚ್ಚಿಕೊಂಡಿರುವವರ ಭಯವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ, ನನ್ನ ಅನ್ನವೂ ಅದರಿಂದಲೇ ಬಂದದ್ದು. ಮರುಮುದ್ರಣವಾಗದೆ ಹತ್ತು ವರ್ಷ ಕಳೆದ ಪುಸ್ತಕಗಳನ್ನಾದರೂ ಕೊಡಿ ಎಂದು ಕೇಳತೊಡಗಿದೆ. ಅದಕ್ಕೆ ಒಬ್ಬಿಬ್ಬರು ಒಪ್ಪಿದರು. ಅವರ ಪುಸ್ತಕಗಳು ನಮ್ಮಂಥ ಡಿಟಿಪಿ ಆಫೀಸುಗಳ ಡ್ರಾಯರಿನಲ್ಲಿ, ಸಿ.ಡಿ.ಗಳಲ್ಲಿ, ಪೇಜ್‌ಮೇಕರ್ ಫೈಲುಗಳಾಗಿ ಇದ್ದವು. ಎಲ್ಲ ಅಕ್ಷರವೂ ಕಂಪೋಸ್ ಆಗಿ, ಪ್ರೂಫ್ ಆಗಿ, ಮಕ್ಕಳಿಗೆ ತಲುಪುವುದೊಂದು ಬಾಕಿ.

ಪುಸ್ತಕವನ್ನು ಯಂತ್ರದೊಳಗೆ ಇಡುವುದಕ್ಕೂ ಒಂದು ಹದ ಬೇಕಾಯಿತು. ಎಕ್ಸ್‌ಒದ ಷುಗರ್ ಎಂಬ ವ್ಯವಸ್ಥೆಯಲ್ಲಿ ಫೋಲ್ಡರುಗಳಿಲ್ಲ. ಮಗು ಮಾಡಿದ್ದೆಲ್ಲ ‘ಜರ್ನಲ್’ ಎಂಬ ದಿನಚರಿಯಲ್ಲಿ ಹೊತ್ತಿಗೆ ತಕ್ಕಂತೆ ಸಾಲಾಗಿ ಬೀಳುತ್ತದೆ. ಪೆನ್‌ಡ್ರೈವಿನಿಂದ ಐವತ್ತು ಪುಸ್ತಕ ಅದಕ್ಕೆ ಸುರಿದರೆ ಮಗುವಿನ ಚಿತ್ರಗಳೂ ಫೋಟೋಗಳೂ ಅದರಡಿ ಹೂತುಹೋಗುತ್ತಿದ್ದವು. ಪುಸ್ತಕಗಳ ಕಟ್ಟನ್ನು ಒಂದೇ ಜಿಪ್ ಕಡತವಾಗಿ ಮಾಡಿ, ಅದರ ಹೆಸರಿನ ಕೊನೆಗೆ ಎಕ್ಸ್‌ಒಎಲ್ ಎಂದಿಟ್ಟು, ಒಳಗೆ ಒಂದು ಮುಖಪುಟ ಬರೆದರೆ ಅದು ಬ್ರೌಸರಿನ ಮೊದಲ ಪುಟದಲ್ಲಿ ಒಂದು ಗ್ರಂಥಾಲಯವಾಗಿ ಕೂರುತ್ತದೆ ಎಂಬುದನ್ನು ಎಕ್ಸ್‌ಒ ಯೋಜನೆಯ ಬಾಸ್ಟನ್ನಿನ ಸ್ವಯಂಸೇವಕರು ಬರೆದಿಟ್ಟಿದ್ದ ಟಿಪ್ಪಣಿಗಳಿಂದ ಕಲಿತೆ. ಮುಖಪುಟದಲ್ಲಿ ಒಂದೊಂದು ಪುಸ್ತಕಕ್ಕೂ ಒಂದೊಂದು ಚಿತ್ರ ಇಟ್ಟೆ; ಓದಲು ಬಾರದವರು ಆನೆಯನ್ನೋ ಕೊಡೆಯನ್ನೋ ನೋಡಿ ಆರಿಸಬಹುದು. ಚಿತ್ರ ಒತ್ತಿದರೆ ಪುಸ್ತಕ ಜರ್ನಲ್‌ಗೆ ಇಳಿಯುತ್ತದೆ. ಅಲ್ಲಿಂದ ‘ರೀಡ್’ ಎಂಬ ಓದುವ ತಂತ್ರಾಂಶ ಅದನ್ನು ತೆರೆಯುತ್ತದೆ, ನಿಲ್ಲಿಸಿದ ಪುಟವನ್ನು ನೆನಪಿಟ್ಟುಕೊಳ್ಳುತ್ತದೆ. ಒಂದು ಯಂತ್ರಕ್ಕೆ ಮೂರು ಮೂರು ಮಕ್ಕಳಿದ್ದುದರಿಂದ ಅದು ನೆನಪಿಟ್ಟುಕೊಳ್ಳುತ್ತಿದ್ದದ್ದು ಕೊನೆಗೆ ಓದಿದವರ ಪುಟವನ್ನು. ಮಕ್ಕಳು ಇದಕ್ಕೆ ತಾವೇ ದಾರಿ ಕಂಡುಕೊಂಡರು, ನೋಟ್‌ಬುಕ್ಕಿನ ಹಿಂದಿನ ರಟ್ಟಿನಲ್ಲಿ ಪುಸ್ತಕದ ಹೆಸರು, ಪುಟದ ಸಂಖ್ಯೆ ಬರೆದಿಟ್ಟುಕೊಳ್ಳುತ್ತಿದ್ದರು.

ಇಂಟರ್ನೆಟ್ ಇಲ್ಲದೆಯೂ ಆ ಯಂತ್ರಗಳು ಒಂದಕ್ಕೊಂದು ಮಾತಾಡಬಲ್ಲವು. ಪರದೆಯ ಎರಡು ಬದಿಗೆ ಮೇಲೆ ತಿರುಗಿಸುವ ಆಂಟೆನಾಗಳಿದ್ದವು, ಮಕ್ಕಳ ಬಾಯಲ್ಲಿ ‘ಕೋಡು’. ಒಬ್ಬಳು ಪುಸ್ತಕ ತೆರೆದು ಹಂಚಿಕೊಂಡರೆ ಪಕ್ಕದ ಯಂತ್ರದವರು ಸೇರಿಕೊಂಡು ಅದೇ ಪುಸ್ತಕದ ಪ್ರತಿಯನ್ನು ತಮ್ಮದಕ್ಕೆ ಇಳಿಸಿಕೊಳ್ಳಬಹುದಿತ್ತು. ಹೊಸ ಪುಸ್ತಕಗಳಿರುವ ಪೆನ್‌ಡ್ರೈವನ್ನು ನಾನು ಅಂಚೆಯಲ್ಲಿ ಕಳಿಸಿದಾಗ ಅಕ್ಕ ಅದನ್ನು ಒಂದೇ ಯಂತ್ರಕ್ಕೆ ಹಾಕಿ ಸುಮ್ಮನಿರುತ್ತಿದ್ದಳು. ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ಜಗಲಿಯ ತುಂಬ ಕೋಡುಗಳೆದ್ದು ಪುಸ್ತಕ ಎಲ್ಲ ಯಂತ್ರಗಳಿಗೂ ಹರಡಿರುತ್ತಿತ್ತು. ಮುನ್ನೂರು ಕೆಬಿಯ ಪುಸ್ತಕವಾದ್ದರಿಂದ ಅದು ಸಾಧ್ಯವಾಯಿತು. ನಲವತ್ತು ಎಂಬಿಯದಾಗಿದ್ದರೆ ಮೊದಲ ದಿನವೇ ಮಕ್ಕಳು ಕೈಬಿಡುತ್ತಿದ್ದರು.

ಕರೆಂಟಿನ ಚಿಂತೆ ನಾನು ಅಂದುಕೊಂಡಷ್ಟು ಕಾಡಲಿಲ್ಲ. ದೀಪ ಆರಿಸಿ ಓದಿದರೆ ಯಂತ್ರ ತಿನ್ನುವುದು ಎರಡು ವಾಟ್‌ನಷ್ಟು. 11ರಿಂದ 18 ವೋಲ್ಟಿನವರೆಗೆ ಏನು ಕೊಟ್ಟರೂ ಅದು ಚಾರ್ಜ್ ಆಗುತ್ತಿತ್ತು. ನಮ್ಮ ಸೀಮೆಯ ಮನೆಗಳಲ್ಲಿ ಆಗಲೇ ಸೋಲಾರ್ ದೀಪಗಳಿದ್ದವು. ಶಾಲೆಯ ಪಕ್ಕದ ಮನೆಯವರು ತಮ್ಮ 12 ವೋಲ್ಟಿನ ಬ್ಯಾಟರಿಯಿಂದ ವಯರ್ ಎಳೆದು ಕೊಟ್ಟರು. ಆಷಾಢದಲ್ಲಿ ಮಾತ್ರ ಕಷ್ಟ. ಬಿಸಿಲಿಲ್ಲ, ತರಗತಿಯೊಳಗೆ ಹಗಲೇ ಕತ್ತಲೆ, ದೀಪ ಹಾಕಲೇಬೇಕು, ಆ ಬ್ಯಾಟರಿಗೂ ಬಿಸಿಲು ಬೇಕು. ಆ ದಿನಗಳಲ್ಲಿ ಅಕ್ಕ ಬೀರುವಿನ ಪುಸ್ತಕಗಳಿಗೇ ಮರಳುತ್ತಿದ್ದಳು.

ಹೆಚ್ಚು ಓದಿಸಿಕೊಂಡ ಪುಸ್ತಕ ಯಾವುದು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರಕ್ಕೆ ಬೆರಗಾಗುತ್ತಾರೆ. ಐದನೇ ತರಗತಿಯ ಹುಡುಗನೊಬ್ಬ ಅಕ್ಕನ ಬೆನ್ನು ಬಿದ್ದಿದ್ದ: “ಅಕ್ಕೋರೇ, ಪ್ರಸಂಗದ ಪುಸ್ತಕ ಹಾಕ್ಸಿ.” ಅವನ ಅಪ್ಪ ಮಳೆಗಾಲ ಕಳೆದ ಮೇಲೆ ಹವ್ಯಾಸಿ ಯಕ್ಷಗಾನ ಮೇಳಗಳಲ್ಲಿ ವೇಷ ಮಾಡುವವರು. ಪಾರ್ತಿಸುಬ್ಬನ ‘ಪಂಚವಟಿ’ಗೆ ಯಾರ ಅನುಮತಿಯೂ ಬೇಕಿರಲಿಲ್ಲ. ಯಕ್ಷಗಾನದ ಪದ್ಯಗಳಿಗೆ ಪುಟ ಕಟ್ಟುವುದು ನನಗೂ ಹೊಸದು: ರಾಗ ತಾಳದ ಹೆಸರು ಮೇಲೆ, ಪದ್ಯ ನಡುವೆ, ಸಾಲು ಮುರಿಯುವ ಕಡೆ ಮುರಿದರೇ ತಾಳ ಸಿಗುತ್ತದೆ. ನಾಲ್ಕೂವರೆ ಇಂಚಿನಲ್ಲಿ ಕೂರದ ಸಾಲುಗಳಿಗೆ ಅಕ್ಷರ ಎರಡು ಪಾಯಿಂಟ್ ಇಳಿಸಿದೆ. ಪುಸ್ತಕ ಶಾಲೆಗೆ ಹೋದ ವಾರ ಆ ಹುಡುಗ ಯಂತ್ರವನ್ನು ಮನೆಗೆ ಒಯ್ಯಲು ಅಪ್ಪಣೆ ಕೇಳಿದ, ಅಕ್ಕ ಕೊಟ್ಟಳು. ಮಾರನೆಯ ದಿನ ಅವನಪ್ಪ ಯಂತ್ರ ಹಿಡಿದು ತಾವೇ ಶಾಲೆಗೆ ಬಂದರು. ಎರಡು ಪದ್ಯಗಳಲ್ಲಿ ಪಾಠ ತಪ್ಪಿದೆ, ತಮ್ಮ ಗುರುಗಳು ಹೇಳಿಕೊಟ್ಟದ್ದು ಹೀಗೆ ಎಂದು ಚೀಟಿಯಲ್ಲಿ ಬರೆದು ತಂದಿದ್ದರು. ಆ ಚೀಟಿ ನನಗೆ ತಲುಪಿ, ತಿದ್ದಿ, ಹೊಸ ಪ್ರತಿ ಹೋಯಿತು. ಆಮೇಲೆ ಮಕ್ಕಳು ಪದ್ಯ ಓದುತ್ತಿರಲಿಲ್ಲ, ಹಾಡುತ್ತಿದ್ದರು. ಅಕ್ಷರ ಕೂಡಿಸಲು ತಡವರಿಸುತ್ತಿದ್ದ ಹುಡುಗಿಯೊಬ್ಬಳು ಬಾಯಿಪಾಠವಿದ್ದ ಪದ್ಯದ ಮೇಲೆ ಬೆರಳಿಟ್ಟು ಒಂದೊಂದು ಒತ್ತಕ್ಷರವನ್ನೂ ಗುರುತಿಸಿದಳು. ಹಾಗೂ ಓದು ಬರುತ್ತದೆ. ಸಾಕ್ಷರತೆಯ ಪಂಡಿತರು ಇದಕ್ಕೆ ಏನನ್ನುತ್ತಾರೋ, ಅಕ್ಕನಿಗೆ ಅದು ಆ ವರ್ಷದ ದೊಡ್ಡ ಸಂತೋಷ.

2012ರಲ್ಲಿ ಪೆರು ದೇಶದ ವರದಿ ಓದಿ ನನಗೆ ಸಂಕಟವಾಯಿತು. ಲಕ್ಷಗಟ್ಟಲೆ ಎಕ್ಸ್‌ಒ ಕೊಂಡ ದೇಶ ಅದು. ಇಂಟರ್-ಅಮೆರಿಕನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಂಶೋಧಕರು ಅಲ್ಲಿನ 319 ಗ್ರಾಮೀಣ ಶಾಲೆಗಳನ್ನು ಅಭ್ಯಾಸ ಮಾಡಿದ್ದರು. ಯಂತ್ರಗಳಲ್ಲಿ 200 ಪುಸ್ತಕ ತುಂಬಿಯೇ ಕೊಟ್ಟಿದ್ದರು; ಯಂತ್ರ ಸಿಗದ ಶಾಲೆಗಳ ಮಕ್ಕಳಲ್ಲಿ ಮನೆಯಲ್ಲಿ ಐದಕ್ಕಿಂತ ಹೆಚ್ಚು ಪುಸ್ತಕವಿದ್ದವರು ನೂರಕ್ಕೆ 26 ಮಂದಿ ಮಾತ್ರ. ಅಂಥ ಬರಗಾಲದಲ್ಲಿ 200 ಪುಸ್ತಕ ಸುರಿದರೂ ಮಕ್ಕಳ ಓದಿನ ಅಭ್ಯಾಸ ಬದಲಾಗಿರಲಿಲ್ಲ. ಭಾಷೆ, ಗಣಿತದ ಅಂಕಗಳೂ ಏರಿರಲಿಲ್ಲ. ವರದಿಯನ್ನು ಅಕ್ಕನಿಗೆ ಓದಿ ಹೇಳಿದೆ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. “ಅವರು ಮಕ್ಕಳ ಜೊತೆ ಕೂತು ಓದಿದ್ರೋ?” ಎಂದಳು.

ಅವಳ ಶಾಲೆಯಲ್ಲಿ ಊಟದ ನಂತರದ ಮುಕ್ಕಾಲು ಗಂಟೆ ಓದಿನದ್ದು. ಮೊದಲ ಹತ್ತು ನಿಮಿಷ ಅವಳೇ ಗಟ್ಟಿಯಾಗಿ ಓದುವಳು, ಎಲ್ಲ ಯಂತ್ರಗಳಲ್ಲೂ ಅದೇ ಪುಟ ತೆರೆದಿರಬೇಕು. ಕಥೆ ರೋಚಕವಾಗುವ ಕಡೆ ನಿಲ್ಲಿಸಿಬಿಡುವಳು. ಮಿಕ್ಕದ್ದನ್ನು ಮಕ್ಕಳು ತಾವೇ ಓದಿಕೊಳ್ಳಬೇಕು, ಮಾರನೆಯ ದಿನ ಹೇಳಬೇಕು. ಪೆರುವಿನ ಆ 200 ಪುಸ್ತಕಗಳನ್ನು ಯಾರು ಆರಿಸಿದರು, ಯಾವ ಶಿಕ್ಷಕಿ ಅವನ್ನು ಮೊದಲು ತಾನು ಓದಿದಳು ಎಂದು ನಾನು ಆ ದಿನಗಳಲ್ಲಿ ತುಂಬ ಯೋಚಿಸಿದೆ. ನಮ್ಮ ಗ್ರಂಥಾಲಯದಲ್ಲಿ ನೂರು ಪುಸ್ತಕವೂ ಇರಲಿಲ್ಲ, ಆದರೆ ಅಕ್ಕ ಓದದ ಒಂದೂ ಇರಲಿಲ್ಲ.

ನೇಪಾಳದವರು ನಮಗಿಂತ ಬಹಳ ಮುಂದೆ ಹೋದರು. ಓಎಲ್ಇ ನೇಪಾಳ್ ಸಂಸ್ಥೆ 2008ರಲ್ಲಿ ಲಲಿತಪುರ ಜಿಲ್ಲೆಯ ಎರಡು ಶಾಲೆಗಳಲ್ಲಿ ಇದೇ ಯಂತ್ರಗಳಿಂದ ಶುರು ಮಾಡಿತು. ಶಿಕ್ಷಕರಿಗೆ ತರಬೇತಿ ಕೊಟ್ಟಿತು, ನೇಪಾಳಿ ಪುಸ್ತಕಗಳ ‘ಇ-ಪುಸ್ತಕಾಲಯ’ ಕಟ್ಟಿ ಅದರ ಪ್ರತಿಯನ್ನು ಶಾಲೆಯೊಳಗಿನ ಪುಟ್ಟ ಸರ್ವರಿನಲ್ಲೇ ಇಟ್ಟಿತು. ಹೊರಗಿನ ಸಂಪರ್ಕ ಕಡಿದರೂ ಮಕ್ಕಳಿಗೆ ಪುಸ್ತಕ ಸಿಗುತ್ತದೆ. 2011ರ ಜನಗಣತಿಯಂತೆ ನಾಲ್ಕು ಕೋಟಿಗೂ ಮಿಕ್ಕಿ ಜನರ ತಾಯಿಮಾತು ಕನ್ನಡ. ಅಂಥದ್ದೊಂದು ಕೆಲಸವನ್ನು ನಮ್ಮಲ್ಲಿ ಒಂದು ಸಂಸ್ಥೆ ಅದೇ ಹೊತ್ತಿಗೆ ಕೈಗೆತ್ತಿಕೊಂಡಿದ್ದರೆ ಎಂಬ ಆಸೆ ನನ್ನಲ್ಲಿ ಇನ್ನೂ ಇದೆ. ಒಳ್ಳೆಯ ಹೆಜ್ಜೆಗಳು ತಡವಾಗಿಯಾದರೂ ಬಂದವು. 2014ರಲ್ಲಿ ನಿರಂಜನರ ಕೃತಿಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆಯಾದವು. ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಹಾಗೆಯೇ ಕೊಟ್ಟಿತು. 2015ರ ಸೆಪ್ಟೆಂಬರಿನಲ್ಲಿ ಪ್ರಥಮ್ ಬುಕ್ಸ್ ‘ಸ್ಟೋರಿವೀವರ್’ ತೆರೆದಾಗ, ಓದುವ ಹಂತಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡ ಕಥೆಗಳನ್ನು ಯಾರು ಬೇಕಾದರೂ ಇಳಿಸಿಕೊಂಡು ಹಂಚಬಹುದು ಎಂದಾಯಿತು. ಮೊದಲ ದಿನಗಳಲ್ಲಿ ನಾವು ಫೋನಿನಲ್ಲಿ ಒಬ್ಬೊಬ್ಬರನ್ನೇ ಬೇಡಿದ್ದು ಅದನ್ನೇ.

ಎಕ್ಸ್‌ಒಗಳು ಆ ವೇಳೆಗೆ ಒಂದೊಂದಾಗಿ ನಿಂತವು. ರಬ್ಬರಿನ ಹಸಿರು ಕೀಲಿಮಣೆ ಮೊದಲು ಹರಿಯಿತು, ಆಮೇಲೆ ಬ್ಯಾಟರಿ ಹೋಯಿತು, ಬಿಡಿಭಾಗ ಸಿಗಲಿಲ್ಲ. ಶಾಲೆಗೆ ದಾನಿಗಳೊಬ್ಬರು ಟ್ಯಾಬ್ಲೆಟ್ ಕೊಟ್ಟರು. ನಾಲ್ಕೂವರೆ-ಆರಿಂಚಿನ ಪುಟಗಳು ಅವುಗಳಲ್ಲೂ ಹೊಂದಿಕೊಂಡವು, ಕಥೆಗಳೆಲ್ಲ ಉಳಿದುಕೊಂಡವು. ಅಕ್ಕ ಈಗ ನಿವೃತ್ತಳು. ಅವಳ ಜಾಗಕ್ಕೆ ಬಂದ ಅಕ್ಕೋರು ಊಟದ ನಂತರದ ಓದನ್ನು ಮುಂದುವರಿಸಿದ್ದಾರೆ.

ನನ್ನ ಕೆಲಸ ಬದಲಾಗಿದೆ. ಹಳೆಯ ಪಿಡಿಎಫ್‌ಗಳನ್ನು ದೃಷ್ಟಿ ಇಲ್ಲದ ಮಕ್ಕಳಿಗೆ ಓದಿಹೇಳುವ ತಂತ್ರಾಂಶ ಓದಲಾರದು, ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸಾಲು ತಾನಾಗಿ ಹೊಂದಿಕೊಳ್ಳದು. ಅದಕ್ಕೆ ಯುನಿಕೋಡ್ ಬೇಕು, ಇಪಬ್ ಬೇಕು. ಪೇಜ್‌ಮೇಕರ್ ಫೈಲಿನಿಂದ ಅಕ್ಷರ ತೆಗೆದು ಪರಿವರ್ತಕಕ್ಕೆ ಕೊಟ್ಟರೆ ಬಹುಪಾಲು ಸರಿಯಾಗಿ ಬರುತ್ತದೆ. ಅರ್ಕಾವೊತ್ತು ಮಾತ್ರ ಆಗಾಗ ಪಕ್ಕದ ಅಕ್ಷರಕ್ಕೆ ಹಾರುತ್ತದೆ, ದೀರ್ಘ ಬಿಟ್ಟುಹೋಗುತ್ತದೆ. ಹಾಗಾಗಿ ಪ್ರತಿ ಪುಸ್ತಕಕ್ಕೂ ಮತ್ತೊಮ್ಮೆ ಪ್ರೂಫ್. ಅದನ್ನು ಅಕ್ಕ ನೋಡುತ್ತಾಳೆ. ಶನಿವಾರದ ಮಧ್ಯಾಹ್ನಗಳಲ್ಲಿ ನಾನು ಗಾಂಧಿನಗರದ ಆಸುಪಾಸಿನ ಹಳೆಯ ಡಿಟಿಪಿ ಆಫೀಸುಗಳಿಗೆ ಹೋಗುತ್ತೇನೆ. ವಿಂಡೋಸ್ ಎಕ್ಸ್‌ಪಿ ಇರುವ ಒಂದು ಹಳೆಯ ಕಂಪ್ಯೂಟರನ್ನು ಇದಕ್ಕಾಗಿಯೇ ಉಳಿಸಿಕೊಂಡಿದ್ದೇನೆ, ಹಳೆಯ ಪೇಜ್‌ಮೇಕರ್ ಫೈಲುಗಳು ಅದರಲ್ಲಿ ಇನ್ನೂ ತೆರೆದುಕೊಳ್ಳುತ್ತವೆ. ಸಿ.ಡಿ.ಗಳ ಮೇಲ್ಪದರ ಏಳುತ್ತಿದೆ, ಓದಿಸಿಕೊಳ್ಳದವು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ಕಳೆದ ಸಲ ತೆರೆದ ಒಂದರಲ್ಲಿ ತೊಂಬತ್ತರ ದಶಕದ ಮಕ್ಕಳ ನಾಟಕಗಳಿದ್ದವು, ಒಂದೂ ಅಕ್ಷರ ಕೆಡದೆ. ಬರೆದವರು ಈಗಿಲ್ಲ. ಅವರ ಮಗಳನ್ನು ಹುಡುಕಿ ಮಾತಾಡಿದೆ. ಒಪ್ಪಿಗೆಯ ಪತ್ರದ ಜೊತೆ, ಅಪ್ಪನ ಅಚ್ಚಾಗದ ಇನ್ನೆರಡು ನಾಟಕಗಳ ಕೈಬರಹವನ್ನೂ ಕಳಿಸಿದ್ದಾರೆ. ಕಂಪೋಸ್ ಶುರುವಾಗಿದೆ. ದಸರಾ ರಜೆ ಮುಗಿದು ಶಾಲೆ ತೆರೆಯುವುದರೊಳಗೆ ಮೊದಲ ನಾಟಕವನ್ನಾದರೂ ಕಳಿಸು, ಗ್ಯಾದರಿಂಗಿಗೆ ಮಕ್ಕಳು ಕಲಿಯಬೇಕು ಎಂದು ಅಕ್ಕ ಫೋನು ಮಾಡುತ್ತಲೇ ಇದ್ದಾಳೆ.